ಕೊನೇ ಕ್ಷಣದಲ್ಲಿ ಗೆದ್ದಾಗ ಅಭಿಮಾನಿಗಳು ಹಾಗೇಕೆ ಆಡುತ್ತಾರೆ?

ನೀವು ಕೇಳಿದ್ದು ಇಷ್ಟು: "ದೇಶದ ತಂಡ ಕೊನೇ ಕ್ಷಣದಲ್ಲಿ ಕಪ್ ಗೆದ್ದರೆ ಫುಟ್‌ಬಾಲ್ ಅಭಿಮಾನಿಗಳು ಅಳುತ್ತಾರೆ, ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಾರೆ, ಶರ್ಟು ಬಿಚ್ಚಿ ಬೀಸುತ್ತಾರೆ. ಟಿವಿಯಲ್ಲಿ ನೋಡಿದರೆ ಕ್ಯಾಮೆರಾಗೆ ಮಾಡುವ ನಾಟಕ ಅನಿಸುತ್ತದೆ. ಅಲ್ಲೇ ಇದ್ದವರು ಯಾರಾದರೂ ಹೇಳುತ್ತೀರಾ?"

ನಾನು ಒಮ್ಮೆ ಅಲ್ಲಿದ್ದೆ. 2023ರ ಜುಲೈ 4, ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್, ಭಾರತ ಮತ್ತು ಕುವೈತ್. ವಿಶ್ವಕಪ್ ಅಲ್ಲ, ಒಪ್ಪಿದೆ. ದಕ್ಷಿಣ ಏಷ್ಯಾದ ಟೂರ್ನಿ. ಆದರೆ ನಾಟಕವೋ ಅಲ್ಲವೋ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಒಬ್ಬ ಒಳ್ಳೆ ಸಾಕ್ಷಿ ಇದ್ದಾರೆ. ನಮ್ಮ ಸೋದರಮಾವ. ಪಂದ್ಯ ಸಮವಾಗಿ ಮುಗಿದರೆ ಎರಡೂ ತಂಡ ಸರದಿಯಲ್ಲಿ ಐದೈದು ಕಿಕ್ ಹೊಡೆಯುತ್ತಾರಲ್ಲ, ಅವತ್ತಿನ ಆ ಪೆನಾಲ್ಟಿ ಶೂಟೌಟಿನ ಒಂದು ಕಿಕ್ಕನ್ನೂ ಅವರು ನೋಡಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದರು.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ಬೆಂಗಳೂರಿನ ದೊಡ್ಡ ಕಾರ್ಖಾನೆಗಳಿಗೆ ತಮ್ಮದೇ ಫುಟ್‌ಬಾಲ್ ತಂಡ ಇರುತ್ತಿತ್ತು. ಐಟಿಐ, ಎಚ್‌ಎಎಲ್ ಅಂದರೆ ಹಳಬರಿಗೆ ಈಗಲೂ ನೆನಪಾಗುವುದು ಫುಟ್‌ಬಾಲೇ. ಅಂಥದ್ದೇ ಒಂದು ಸಣ್ಣ ಕಾರ್ಖಾನೆಯ ತಂಡದಲ್ಲಿ ಮಾವ ಲೆಫ್ಟ್ ಬ್ಯಾಕ್ ಆಡಿದ್ದರು. ಮಂಡಿ ಹೋಯಿತು, ಆಟ ನಿಂತಿತು, ಬೈಯುವುದು ಮಾತ್ರ ಉಳಿಯಿತು. ಭಾರತ ಆಡುವ ದಿನ ಟಿವಿ ಮುಂದೆ ಕೂತು ಒಂದೇ ಮಾತು ಹೇಳುತ್ತಾರೆ: "ನಮ್ಮೋರು ಎಂಬತ್ತು ನಿಮಿಷದ ತಂಡ ಕಣೋ. ಕೊನೇ ಹತ್ತು ನಿಮಿಷ ಎದುರಿನವರ ಪಾಲು."

ಅದಕ್ಕೆ ಅವರು ಕೊಡುವ ಉದಾಹರಣೆ ಅವರೇ ನೋಡಿದ್ದಲ್ಲ, ಅವರ ಅಪ್ಪ ಹೇಳಿದ್ದು. 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಆಡಿತು, ಸುಮಾರು ಜನ ಬರಿಗಾಲಲ್ಲೇ. ನಮ್ಮ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಪಂದ್ಯದಲ್ಲಿ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಹಾಳಾದವು. ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಲ್ಲಿ ಗೆದ್ದಿತು. "ನೋಡು, ಶುರುವಾಗಿದ್ದೇ ಹಾಗೆ" ಅನ್ನುತ್ತಾರೆ ಮಾವ. ಹುಟ್ಟುವ ಮೊದಲೇ ಸೋತ ಪಂದ್ಯಕ್ಕೆ ಇಷ್ಟು ಬೇಜಾರು ಮಾಡಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ.

ಸರಿ, ಸ್ಯಾಫ್‌ಗೆ ಬರೋಣ. ಎಂಟು ತಂಡ, ಎಲ್ಲ ಪಂದ್ಯವೂ ಕಂಠೀರವದಲ್ಲೇ. ಲೆಬನಾನ್ ಮತ್ತು ಕುವೈತ್ ದಕ್ಷಿಣ ಏಷ್ಯಾದವಲ್ಲ, ಆಹ್ವಾನದ ಮೇಲೆ ಬಂದಿದ್ದವು. ಪಾಕಿಸ್ತಾನದ ತಂಡ ವೀಸಾ ತಡವಾಗಿ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿಯಿತು, ಸಂಜೆ ಮಳೆಯಲ್ಲಿ 4-0ರಿಂದ ಸೋತಿತು. ನಮ್ಮ ನಾಯಕ ಸುನಿಲ್ ಛೇಟ್ರಿ ಹ್ಯಾಟ್ರಿಕ್. ಅದು ಮಜಾ ಇತ್ತು, ಆದರೆ ಅವತ್ತು ಯಾರೂ ಅಳಲಿಲ್ಲ. 4-0ಗೆ ಯಾರು ಅಳುತ್ತಾರೆ?

ನಿಮ್ಮ ಪ್ರಶ್ನೆಗೆ ಬೇಕಾದದ್ದು ಜೂನ್ 27ರ ಪಂದ್ಯ. ಗುಂಪಿನ ಹಂತದಲ್ಲಿ ಇದೇ ಕುವೈತ್. ವಿರಾಮಕ್ಕೆ ಮುಂಚೆ ಛೇಟ್ರಿ ಗೋಲು ಹೊಡೆದಿದ್ದರು. 90 ನಿಮಿಷ ಮುಗಿಯಿತು, ನಾವು 1-0 ಮುಂದೆ. ನಾನು ಆಗಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಇಂಜುರಿ ಟೈಮ್‌ನಲ್ಲಿ ಅವರ ಕಡೆಯಿಂದ ಒಂದು ಕ್ರಾಸ್ ಬಂತು. ಚೆಂಡನ್ನು ಆಚೆ ತಳ್ಳಲು ಹೋದ ನಮ್ಮ ಅನ್ವರ್ ಅಲಿ ಕಾಲಿಗೆ ತಾಗಿ ನಮ್ಮ ಬಲೆಗೇ ಹೋಯಿತು. 1-1. ಮಾವ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಸುಮ್ನೆ ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗಿಟ್ಟರು.

ಒಂದು ವಾರದ ನಂತರ ಫೈನಲ್‌ಗೆ ಬಂದ ಸುಮಾರು ಜನ ಆ ಸಂಜೆಯನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿದ್ದರು. ನನ್ನ ಪ್ರಕಾರ ಟಿವಿಯಲ್ಲಿ ಕಾಣದೇ ಹೋಗುವುದು ಇದೇ. ಗೆದ್ದ ಕ್ಷಣದ ಕೂಗು ಮಾತ್ರ ನಿಮಗೆ ಕಾಣುತ್ತದೆ. ಆ ಕೂಗಿನಲ್ಲಿ ಅರ್ಧ, ಹಿಂದೆ ಕೊನೇ ನಿಮಿಷದಲ್ಲಿ ಕೈತಪ್ಪಿದ ಪಂದ್ಯಗಳದ್ದು.

ಫೈನಲ್ ದಿನ ನಾವು ಕೂತಿದ್ದು ಪೂರ್ವದ ಸ್ಟ್ಯಾಂಡಿನಲ್ಲಿ, ಮೇಲ್ಗಡೆ. ಕಂಠೀರವದಲ್ಲಿ ಫುಟ್‌ಬಾಲ್ ನೋಡಿದವರಿಗೆ ಗೊತ್ತು, ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ದೂರ. ಚೆಂಡು ಗೋಲಿನೊಳಗೆ ಹೋಯಿತೋ ಬಲೆಯ ಹೊರಗೆ ತಾಗಿತೋ ಅನ್ನುವುದು ಎಷ್ಟೋ ಸಲ ಆ ಕಡೆ ಕೂತ ಜನ ಎದ್ದರೋ ಇಲ್ಲವೋ ಅನ್ನುವುದರಿಂದಲೇ ಗೊತ್ತಾಗಬೇಕು. ಟಿವಿ ಬಿಟ್ಟು ಅಲ್ಲಿಗೆ ಯಾಕೆ ಹೋಗಬೇಕು ಅಂತ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ, ಪ್ರತೀ ಸಲ ಹೋಗುತ್ತೇನೆ.

14ನೇ ನಿಮಿಷಕ್ಕೆ ಕುವೈತ್ ಗೋಲು. 38ಕ್ಕೆ ಸಹಲ್ ಅಬ್ದುಲ್ ಸಮದ್ ಕೊಟ್ಟ ಚೆಂಡನ್ನು ಚಾಂಗ್ಟೆ ಒಳಗೆ ಹಾಕಿ ಸಮ ಮಾಡಿದರು. ಆಮೇಲೆ ಎರಡೂ ಕಡೆ ಗೋಲಿಲ್ಲ, ಹೆಚ್ಚುವರಿ ಅರ್ಧ ಗಂಟೆಯಲ್ಲೂ ಇಲ್ಲ. ನಮ್ಮ ಕೋಚ್ ಸ್ಟಿಮಾಚ್ ಹಿಂದಿನ ಪಂದ್ಯಗಳಲ್ಲಿ ಎರಡು ರೆಡ್ ಕಾರ್ಡ್ ತಿಂದು ಡಗೌಟ್‌ನಿಂದ ಹೊರಗಿದ್ದರು, ಅವರ ಜಾಗದಲ್ಲಿ ಸಹಾಯಕ ಮಹೇಶ್ ಗಾವ್ಳಿ. ಮೂರು ದಿನದ ಹಿಂದೆ ಲೆಬನಾನ್ ಜೊತೆ ಸೆಮಿಫೈನಲ್ ಕೂಡ 120 ನಿಮಿಷ ಎಳೆದು ಪೆನಾಲ್ಟಿಗೆ ಹೋಗಿತ್ತು. ಆಟಗಾರರ ಕಾಲಲ್ಲಿ ಜೀವ ಇರಲಿಲ್ಲ. ನಮ್ಮ ಗಂಟಲೂ ಹೋಗಿತ್ತು.

ಪೆನಾಲ್ಟಿ ಅಂತ ಖಾತ್ರಿಯಾದ ಕೂಡಲೇ ಮಾವ ಎದ್ದರು. ಟಾಯ್ಲೆಟ್‌ಗೆ ಹೊರಟರೇನೋ ಅಂದುಕೊಂಡೆ. ಇಲ್ಲ, ಕಂಬಿಗೆ ಬೆನ್ನು ಒರಗಿಸಿ ನಮ್ಮ ಕಡೆ ತಿರುಗಿ ನಿಂತುಬಿಟ್ಟರು.

"ಮಾವ, ಇಷ್ಟೊತ್ತು ನೋಡಿ ಈಗ ತಿರುಗಿ ನಿಂತ್ರೆ ಹೇಗೆ?"

"ನೀನು ನೋಡು. ನಾನು ನಿನ್ನ ನೋಡ್ತೀನಿ."

ಮೊದಲ ಕಿಕ್ ಛೇಟ್ರಿ, ಗೋಲು. ಕುವೈತಿನ ಮೊದಲನೆಯದು ಕ್ರಾಸ್‌ಬಾರ್‌ಗೆ ಬಡಿಯಿತು. ಸ್ಟೇಡಿಯಂ ಹುಚ್ಚೆದ್ದಿತು. ಜಿಂಗನ್ ಹೊಡೆದರು, ಚಾಂಗ್ಟೆ ಹೊಡೆದರು. ಅವರೂ ಬಿಡಲಿಲ್ಲ. ನಾಲ್ಕನೆಯವರಾಗಿ ಬಂದ ಉದಾಂತ ಸಿಂಗ್ ಚೆಂಡನ್ನು ಬಾರ್ ಮೇಲೆ ಕಳಿಸಿದರು. ಉದಾಂತ ಬೆಂಗಳೂರು ಎಫ್‌ಸಿಯಲ್ಲಿ ವರ್ಷಗಟ್ಟಲೆ ಇದೇ ಮೈದಾನದಲ್ಲಿ ಆಡಿದ ಹುಡುಗ, ನಮಗೆ ಮನೆಯವನಿದ್ದ ಹಾಗೆ. ಆಗ ನನ್ನ ಮುಖ ಹೇಗಾಯಿತೋ ನನಗೆ ಗೊತ್ತಿಲ್ಲ. ಮಾವನಿಗೆ ಗೊತ್ತು. "ಹೋಯ್ತಾ?" ಅಂತಲೂ ಕೇಳದೆ ಕಣ್ಣು ಮುಚ್ಚಿಕೊಂಡರು.

ಸುಭಾಶಿಶ್ ಬೋಸ್ ಹೊಡೆದರು, ಅವರೂ ಹೊಡೆದರು. ಐದೈದು ಮುಗಿದಾಗ 4-4. ಇನ್ನು ಸಡನ್ ಡೆತ್. ಒಂದು ತಪ್ಪಿದರೆ ಮುಗಿಯಿತು. ನಮ್ಮ ಕಡೆಯಿಂದ ಮಣಿಪುರದ ಹುಡುಗ ನವೊರೆಮ್ ಮಹೇಶ್ ಸಿಂಗ್ ಬಂದು ಗೋಲು ಮಾಡಿದರು. ಎದುರಿಗೆ ಕುವೈತ್ ನಾಯಕ ಖಾಲಿದ್ ಹಾಜಿಯಾ, ಗೋಲಿನಲ್ಲಿ ಗುರುಪ್ರೀತ್ ಸಿಂಗ್ ಸಂಧು.

ಆ ಹೊತ್ತಿನ ಮೌನದ ಬಗ್ಗೆ ಹೇಳಬೇಕು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ ಕಡೆ ಪಕ್ಕದವನು ಎಂಜಲು ನುಂಗಿದ್ದು ಕೇಳಿಸಿತು. ಹಿಂದೆ ಯಾರದ್ದೋ ಮಗು "ಅಪ್ಪಾ, ಮನೆಗೆ ಹೋಗೋಣ" ಅಂದಿತು. ಯಾರೂ ನಗಲಿಲ್ಲ.

ಗುರುಪ್ರೀತ್ ಹಾರಿದರು. ಚೆಂಡು ಕೈಗೆ ಬಡಿದು ಆಚೆ ಹೋಯಿತು.

ಮುಂದಿನ ಐದಾರು ಸೆಕೆಂಡು ನಾನು ಏನು ಮಾಡಿದೆ ಅಂತ ನನಗೆ ನೆನಪಿಲ್ಲ, ಮಾವ ಹೇಳಿದ್ದೇ ಆಧಾರ. ನಾನು ಕೂಗಲೇ ಇಲ್ಲವಂತೆ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನನ್ನ ಪಕ್ಕದವನು ಮೊದಲು ತಲೆ ಮೇಲೆ ಕೈ ಹೊತ್ತುಕೊಂಡನಂತೆ, ಸೋತವರ ಹಾಗೆ. ಅದನ್ನು ನೋಡಿ ಮಾವ ಸೋತೆವು ಅಂದುಕೊಂಡರು. ಅವನ ಹಿಂದಿನ ಸಾಲಿನ ಹೆಂಗಸು ಧಪ್ಪೆಂದು ಕೂತು ಮಗುವಿನ ತಲೆಗೆ ಮುಖ ಒತ್ತಿಕೊಂಡರು. ಆಮೇಲೆ ಶಬ್ದ ಬಂತು. ಮಾವ ಹೇಳುವುದು: "ಎಲ್ಲರ ಮುಖಾನೂ ಮೊದಲು ಅಳೋಕೆ ಹೊರಟಿತ್ತು ಕಣೋ. ಅರ್ಧ ದಾರೀಲಿ ನಗೋಕೆ ತಿರುಗ್ತು."

ಇದೇ ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ. ಎಲ್ಲರೂ ಒಳಗೊಳಗೇ ಸೋಲಿಗೆ ತಯಾರಾಗಿರುತ್ತಾರೆ. ಮೈ ಬಿಗಿ ಹಿಡಿದು, ಹಲ್ಲು ಕಚ್ಚಿ, ಮನೆಗೆ ಹೋಗಿ ಏನು ಹೇಳುವುದು ಅಂತಲೂ ಯೋಚಿಸಿ ಆಗಿರುತ್ತದೆ. ಆ ತಯಾರಿಗೆ ಕೆಲಸವೇ ಇಲ್ಲ ಅಂತ ಗೊತ್ತಾದಾಗ ಮೈಗೆ ದಿಕ್ಕು ತೋಚುವುದಿಲ್ಲ. ಅದಕ್ಕೇ ಸಿಕ್ಕಿದವರನ್ನು ತಬ್ಬಿಕೊಳ್ಳುವುದು. ನಾನು ತಬ್ಬಿಕೊಂಡಿದ್ದು ಒಬ್ಬ ಸಮೋಸ ಮಾರುವವರನ್ನು, ತಟ್ಟೆ ಸಮೇತ.

ಕ್ರಿಕೆಟ್‌ನಲ್ಲೂ ಕೊನೇ ಬಾಲ್ ಸಿಕ್ಸ್ ಇದೆಯಲ್ಲ ಅನ್ನಬಹುದು. ಇದೆ. ಕಬ್ಬನ್ ಪಾರ್ಕ್ ದಾಟಿದರೆ ಚಿನ್ನಸ್ವಾಮಿ, ಅಲ್ಲೂ ಕೂಗಿದ್ದೇನೆ. ಆದರೆ ಕ್ರಿಕೆಟ್‌ನಲ್ಲಿ ಲೆಕ್ಕ ಇರುತ್ತದೆ. ಆರು ಬಾಲಿಗೆ ಹನ್ನೆರಡು, ಕೈಯಲ್ಲಿ ಮೂರು ವಿಕೆಟ್. ಆಶೆ ಎಷ್ಟು ಇಟ್ಟುಕೊಳ್ಳಬೇಕು ಅಂತ ಬೋರ್ಡೇ ಹೇಳುತ್ತದೆ. ಫುಟ್‌ಬಾಲ್‌ನಲ್ಲಿ ಎರಡು ಗಂಟೆ ಬೋರ್ಡು 1-1 ಅಂತ ನಿಂತಿರುತ್ತದೆ, ಅಷ್ಟೆ. ಅಷ್ಟೂ ಹೊತ್ತಿನ ಬಾಕಿ ಒಂದೇ ಸಲ ತೀರಬೇಕು.

ನಾಟಕ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ನಿಮಿಷ ಕಳೆದ ಮೇಲೆ ಮೊಬೈಲು ಹೊರಗೆ ಬರುತ್ತದೆ, ತಮ್ಮದೇ ಅಳು ರೆಕಾರ್ಡ್ ಮಾಡಿಕೊಳ್ಳುವವರಿದ್ದಾರೆ. ಅದು ಬೇರೆ ಜಾತಿ. ಇಡೀ ಸ್ಟೇಡಿಯಂ ಒಟ್ಟಿಗೆ ವಂದೇ ಮಾತರಂ ಹಾಡಿದ ವಿಡಿಯೊ ನೀವೂ ನೋಡಿರಬಹುದು. ಅದು ಚೆನ್ನಾಗಿತ್ತು, ನಾನೂ ಹಾಡಿದೆ. ಆದರೆ ಅಷ್ಟು ಹೊತ್ತಿಗೆ ನಮಗೆಲ್ಲ ನಾವು ಖುಷಿಯಲ್ಲಿದ್ದೇವೆ ಅಂತ ಗೊತ್ತಿತ್ತು.

ಎಲ್ಲರ ಖುಷಿಯೂ ಒಂದೇ ಥರ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಪದಕ ತಗೊಳ್ಳುವಾಗ ನಮ್ಮ ಆಟಗಾರ ಜೀಕ್ಸನ್ ಸಿಂಗ್ ಹೆಗಲ ಮೇಲೆ ಏಳು ಬಣ್ಣದ ಬಾವುಟ ಹೊದ್ದಿದ್ದರು, ಮಣಿಪುರದ ಮೈತೇಯಿಗಳದ್ದು. ಅಲ್ಲಿ ಮೇ ತಿಂಗಳಿಂದ ಗಲಭೆ ಹೊತ್ತಿ ಉರಿಯುತ್ತಿತ್ತು. ಮರುದಿನ ಅದರ ಬಗ್ಗೆ ಜಗಳವೇ ಆಯಿತು. ಸರಿಯೋ ತಪ್ಪೋ ನಾನು ತೀರ್ಪು ಕೊಡಲಾರೆ. ನಾವು ಕುಣಿಯುತ್ತಿದ್ದಾಗ ಆ ಹುಡುಗನ ತಲೆಯಲ್ಲಿ ಊರು ಇತ್ತು, ಅಷ್ಟು ನಿಜ.

ಭಾರತಕ್ಕೆ ಅದು ಒಂಬತ್ತನೇ ಸ್ಯಾಫ್ ಕಪ್. ಐದು ಗೋಲು ಹೊಡೆದ ಛೇಟ್ರಿ ಟೂರ್ನಿಯಲ್ಲೇ ಮುಂದಿದ್ದರು. ಅದೇ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಬೈಯಲು ಏನೂ ಸಿಗದೆ ಮಾವ ಸ್ವಲ್ಪ ಕಂಗಾಲಾಗಿದ್ದರು.

ಆ ಕಷ್ಟ ಜಾಸ್ತಿ ದಿನ ಇರಲಿಲ್ಲ. 2024ರ ಜನವರಿಯಲ್ಲಿ ಏಷ್ಯನ್ ಕಪ್‌ನಲ್ಲಿ ಭಾರತ ಮೂರಕ್ಕೆ ಮೂರೂ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ಜೂನ್ 6ರಂದು ಕೊಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಛೇಟ್ರಿಯ ವಿದಾಯದ ಪಂದ್ಯ, ಎದುರಿಗೆ ಮತ್ತೆ ಕುವೈತ್. ಆಮೇಲೆ ಅವರು ವಾಪಸ್ ಬಂದರು, ಅವತ್ತು ಅದು ನಮಗೆ ಗೊತ್ತಿರಲಿಲ್ಲವಲ್ಲ. 0-0 ಇದ್ದಾಗ, 80ನೇ ನಿಮಿಷ ದಾಟಿದ ಮೇಲೆ ಮಾವ ಎದ್ದು ಟಿವಿಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ಕೂತರು. ಅತ್ತೆ ನಕ್ಕರು. ನಾನು ನಗಲಿಲ್ಲ, ಮುಖ ಸರಿ ಇಟ್ಟುಕೊಳ್ಳಲು ಒದ್ದಾಡುತ್ತಿದ್ದೆ. ಕೊನೇ ಸೀಟಿ ಊದುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು. ಗೋಲು ಬರಲಿಲ್ಲ.