ಓದುಗರ ಪ್ರಶ್ನೆ: ಸೈಕಲ್ ಕ್ಲಬ್ಬಿಗೆ ಯಾರು ಏನನ್ನು ಅರಸಿ ಬರುತ್ತಾರೆ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಊರಿನಲ್ಲಿ ಒಂದು ಸೈಕಲ್ ಕ್ಲಬ್ ಕಟ್ಟಿದ್ದೇವೆ. ಆರಂಭದಲ್ಲಿ ಭಾನುವಾರದ ಸವಾರಿಗೆ ಎಲ್ಲ ವಯಸ್ಸಿನವರೂ ಬರುತ್ತಿದ್ದರು. ಈಗ ವೇಗವಾಗಿ ಹೋಗುವ ಕೆಲವರು ಮಾತ್ರ ಉಳಿದಿದ್ದಾರೆ. ಜನರಿಗೆ ಆಸಕ್ತಿ ಕುಂದಿತೆಂದು ತಿಳಿಯಬೇಕೇ?
— ಕ್ಲಬ್ಬಿನ ಕಾರ್ಯದರ್ಶಿ, ಹಾಸನ

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಬಾರದೆ ಉಳಿದವರು ಸೈಕಲ್ಲನ್ನು ಬಿಟ್ಟಿರಲಾರರು, ನಿಮ್ಮ ಭಾನುವಾರವನ್ನಷ್ಟೇ ಬಿಟ್ಟಿದ್ದಾರೆ. ಒಂದೇ ಸವಾರಿಯಿಂದ ಎಲ್ಲರ ಬಯಕೆಯನ್ನೂ ತೀರಿಸಲು ಹೊರಟ ಕ್ಲಬ್ಬುಗಳೆಲ್ಲ ಈ ಸ್ಥಿತಿಗೆ ಬಂದು ತಲಪುತ್ತವೆ.

ವೇಗದ ಸವಾರರಿಗೆ ಗುಂಪು ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಸಮತಟ್ಟಾದ ರಸ್ತೆಯಲ್ಲಿ ಅವರ ಮುಖ್ಯ ಎದುರಾಳಿ ಗಾಳಿ. ವೇಗವು ಗಂಟೆಗೆ 20 ಕಿ.ಮೀ.ಯಿಂದ 30 ಕಿ.ಮೀ.ಗೆ ಏರಿದರೆ ಗಾಳಿಯನ್ನು ಸೀಳಿಕೊಂಡು ಸಾಗಲು ಬೇಕಾಗುವ ಶಕ್ತಿ ಮೂರು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಮುಂದಿನವರ ಚಕ್ರಕ್ಕೆ ಹತ್ತಿರವಾಗಿ ಅವರ ಮರೆಯಲ್ಲಿ ಸಾಗುವವರಿಗೆ ಈ ಶ್ರಮದಲ್ಲಿ ಗಣನೀಯ ಭಾಗ ಉಳಿಯುತ್ತದೆ. ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಯೊಡ್ಡುವ, ಬಳಿಕ ಹಿಂದೆ ಸರಿದು ಉಸಿರು ತಿರುಗಿಸಿಕೊಳ್ಳುವ ಈ ಆಟವನ್ನು ಒಬ್ಬರೇ ಆಡಲಾಗದು. ಆದ್ದರಿಂದ ಅವರಿಗೆ ತಮ್ಮಷ್ಟೇ ಬಲವುಳ್ಳ ಜೊತೆಗಾರರು ಬೇಕೇ ಬೇಕು. ಅವರು ನಿಧಾನದವರಿಗಾಗಿ ಕಾಯುವುದಿಲ್ಲವೆಂದು ದೂರುವವರು ಇದನ್ನು ಗಮನಿಸುವುದಿಲ್ಲ.

ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಗಾಳಿಯ ಮರೆಯಿಂದ ಆಗುವ ಲಾಭ ಅಲ್ಪ. ಅವರು ಕ್ಲಬ್ಬಿನಿಂದ ಬಯಸುವುದು ಬೇರೆ: ಲಾರಿ, ಬಸ್ಸುಗಳು ನುಗ್ಗುವ ಹೆದ್ದಾರಿಯಲ್ಲಿ ಹತ್ತು ಮಂದಿಯ ಗುಂಪಾಗಿ ಕಾಣಿಸಿಕೊಳ್ಳುವ ಧೈರ್ಯ, ಪಂಕ್ಚರ್ ಆದಾಗ ಟ್ಯೂಬು ಬದಲಿಸಬಲ್ಲ ಒಬ್ಬರು, ಹರಟೆ, ಕೊನೆಗೆ ಬಿಸಿ ಇಡ್ಲಿ. ತಿಂಡಿಗಾಗಿಯೇ ಬರುತ್ತಾರೆಂದು ಇವರನ್ನು ಹಗುರವಾಗಿ ಕಾಣುವ ರೂಢಿಯೊಂದಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿಯೂ ಕ್ಲಬ್ಬಿನ ಬಾಗಿಲು ತೆರೆದಿಡುವವರು ಹೆಚ್ಚಾಗಿ ಇವರೇ.

ಇವರಿಬ್ಬರನ್ನೂ ಒಟ್ಟಿಗೆ ಹೊರಡಿಸುವುದಕ್ಕಿಂತ ಒಟ್ಟಿಗೆ ತಲಪಿಸುವುದು ಮೇಲು. ನಿಮ್ಮೂರಿನಿಂದ ಹಳೇಬೀಡು ಸುಮಾರು 30 ಕಿ.ಮೀ. ದೂರದಲ್ಲಿದೆ. ನಿಧಾನದ ಗುಂಪು ಆರು ಗಂಟೆಗೆ, ವೇಗದ ಗುಂಪು ಆರೂ ಮುಕ್ಕಾಲಿಗೆ ಹೊರಟರೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದೇವಾಲಯದ ಬಳಿ ಸೇರಿ ಜೊತೆಯಾಗಿ ತಿಂಡಿ ತಿನ್ನಬಹುದು. ಸವಾರಿಯ ಸೂಚನೆಯಲ್ಲಿ ದೂರ, ಸರಾಸರಿ ವೇಗ, ಹಿಂದುಳಿದವರಿಗಾಗಿ ಗುಂಪು ನಿಲ್ಲುತ್ತದೆಯೇ ಇಲ್ಲವೇ ಎಂಬ ಮೂರನ್ನೂ ತಪ್ಪದೆ ಬರೆಯಿರಿ. ‘ಯಾರನ್ನೂ ಬಿಟ್ಟು ಹೋಗುವುದಿಲ್ಲ’ ಎಂದು ಬರೆದರೆ, ಅನುಭವಿಯೊಬ್ಬರು ಪಂಪು ಮತ್ತು ಟ್ಯೂಬಿನೊಡನೆ ಕಟ್ಟಕಡೆಯಲ್ಲೇ ಬರುವಂತೆ ನೋಡಿಕೊಳ್ಳಿ. ಏರಿನ ತುದಿಯಲ್ಲಿ ಕಾದು ನಿಂತವರು ಕೊನೆಯವರು ಬಂದ ಕೂಡಲೇ ಸೈಕಲ್ ಹತ್ತಿ ಹೊರಡುವುದನ್ನು ಎಲ್ಲ ಕಡೆಯೂ ಕಾಣುತ್ತೇವೆ. ಕಾದವರಿಗೆ ಹತ್ತು ನಿಮಿಷದ ವಿಶ್ರಾಂತಿ ದೊರೆತಿರುತ್ತದೆ. ಅದರ ಅಗತ್ಯ ಹೆಚ್ಚಾಗಿದ್ದವರಿಗೆ ಒಂದು ನಿಮಿಷವೂ ದೊರೆತಿರುವುದಿಲ್ಲ. ಇಂಥ ಎರಡು ಭಾನುವಾರಗಳು ಕಳೆದರೆ ಸಾಕು, ಮೂರನೆಯದಕ್ಕೆ ಅವರು ಬರುವುದಿಲ್ಲ.

ನಿತ್ಯ ಕಚೇರಿಗೆ ಸೈಕಲ್ಲಿನಲ್ಲಿಯೇ ಹೋಗುವವರೂ ನಿಮ್ಮ ಊರಿನಲ್ಲಿರುತ್ತಾರೆ. ಅವರು ಭಾನುವಾರ ಬಾರದಿದ್ದರೂ ಸದಸ್ಯರಾಗಿರಲಿ. ಯಾವ ರಸ್ತೆಯಲ್ಲಿ ಸಂಜೆ ದೀಪವಿರುವುದಿಲ್ಲ, ಯಾವ ಅಂಗಡಿಯವನು ನ್ಯಾಯವಾದ ಬೆಲೆಗೆ ಬ್ರೇಕ್ ಸರಿಪಡಿಸುತ್ತಾನೆ ಎಂಬ ತಿಳಿವಳಿಕೆ ಅವರಲ್ಲಿರುತ್ತದೆ. ಸೈಕಲ್ ನಿಲ್ಲಿಸಲು ಸ್ಥಳ ಬೇಕೆಂದು ನಗರಾಡಳಿತಕ್ಕೆ ಮನವಿ ಕೊಡುವಾಗ ಅವರ ಸಹಿಗೆ ತೂಕವೂ ಹೆಚ್ಚು. ಜೆರ್ಸಿ ಹೊಲಿಸುವ ಆತುರ ಮಾತ್ರ ಬೇಡ. ಸದಸ್ಯತ್ವಕ್ಕೆ ಅದನ್ನು ಕಡ್ಡಾಯ ಮಾಡಿದರೆ ಮೊದಲು ದೂರವಾಗುವವರು ಇವರೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಗೇರಿಲ್ಲದ, ಕ್ಯಾರಿಯರ್ ಇರುವ ಸಾದಾ ಸೈಕಲ್ ಇದೆ. ಕ್ಲಬ್ ಸೇರಲು ಹೊಸ ಸೈಕಲ್ ಕೊಳ್ಳಬೇಕೇ?
— ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. 15–20 ಕಿ.ಮೀ. ಸವಾರಿಗೆ ತಮ್ಮ ಸೈಕಲ್ ಸಾಕು. ಚಾಮುಂಡಿ ಬೆಟ್ಟದ ರಸ್ತೆಯನ್ನು ಮಾತ್ರ ಗೇರಿಲ್ಲದೆ ಹತ್ತುವ ಸಾಹಸ ಬೇಡ. ಸೀಟಿನ ಎತ್ತರವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ: ಸೀಟಿನ ಮೇಲೆ ಕುಳಿತು, ಕೆಳಕ್ಕೆ ಬಂದ ಪೆಡಲ್ಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ಅದಕ್ಕಿಂತ ತಗ್ಗಿನ ಸೀಟು ಮೊಣಕಾಲಿಗೆ ಒಳ್ಳೆಯದಲ್ಲ. ಕ್ಲಬ್ಬಿಗೆ ಹಣ ಕಟ್ಟುವ ಮೊದಲು ಎರಡು ಸಂಗತಿಗಳನ್ನು ಸಂಕೋಚವಿಲ್ಲದೆ ಕೇಳಿ. ಬೆಳಕು ಹರಿಯುವ ಮೊದಲೇ ಹೊರಡುವುದಾದರೆ ಸೇರುವ ಸ್ಥಳ ಜನವಿರುವ, ದೀಪವಿರುವ ಜಾಗವೇ? ದಾರಿಯ ನಿಲುಗಡೆಗಳಲ್ಲಿ ಶೌಚಾಲಯವಿದೆಯೇ? ಎರಡನೆಯದನ್ನು ಯೋಚಿಸದ ಕ್ಲಬ್ಬಿನಲ್ಲಿ ಹೆಂಗಸರು ಬಹುಕಾಲ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ನಂದಿ ಬೆಟ್ಟವನ್ನು ಎಷ್ಟು ನಿಮಿಷದಲ್ಲಿ ಹತ್ತಿದೆ ಎಂಬುದೇ ಮುಖ್ಯ. ನನಗೆ ವೇಗವಿಲ್ಲ, ಆದರೆ ದಿನವಿಡೀ ತುಳಿಯಬಲ್ಲೆ. ನನ್ನಂಥವರಿಗೆ ಎಲ್ಲಿ ಸ್ಥಾನ?
— ಓದುಗರು, ಬೆಂಗಳೂರು

ಉತ್ತರ: ‘ಬ್ರೆವೆ’ ಎಂಬ ದೂರ ಸವಾರಿಗಳು ತಮ್ಮಂಥವರಿಗಾಗಿಯೇ ಇವೆ. 1904ರಲ್ಲಿ ಸ್ಥಾಪನೆಯಾದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಫ್ರೆಂಚ್ ಸಂಸ್ಥೆಯ ನಿಯಮಗಳಂತೆ ಇವು ಭಾರತದಲ್ಲಿಯೂ, ಬೆಂಗಳೂರಿನಲ್ಲಿಯೂ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಕಾಲಮಿತಿಯಿದೆ. ಅಂದರೆ ಊಟ, ನಿದ್ದೆ, ಪಂಕ್ಚರ್ ಎಲ್ಲವೂ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಆದರೆ ಸಾಕು. ಇದು ಸ್ಪರ್ಧೆಯಲ್ಲವಾದ್ದರಿಂದ ಮೊದಲ ಸ್ಥಾನವೆಂಬುದಿಲ್ಲ. ತಪಾಸಣಾ ಠಾಣ್ಯಗಳ ನಡುವೆ ಬೆಂಬಲದ ವಾಹನದ ನೆರವು ಪಡೆಯುವಂತಿಲ್ಲ. ರಾತ್ರಿಯ ಸವಾರಿಗೆ ದೀಪವೂ ಹೊಳೆಯುವ ಮೇಲಂಗಿಯೂ ಕಡ್ಡಾಯ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಸುಮಾರು 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಕಳೆದ ಬಾರಿ 2023ರಲ್ಲಿ ನಡೆಯಿತು. ಅದರಲ್ಲಿ ಭಾಗವಹಿಸಬೇಕಾದರೆ ಅದೇ ವರ್ಷ ಈ ನಾಲ್ಕು ದೂರಗಳ ಬ್ರೆವೆಗಳನ್ನು ಮುಗಿಸಿರಬೇಕು. ಈಗಿನ ಕ್ಲಬ್ಬನ್ನು ಬಿಡಬೇಡಿ. ತಿಂಗಳಿಗೊಮ್ಮೆ ಅವರೊಡನೆ ನಂದಿ ಹತ್ತಿದರೆ ಬ್ರೆವೆಯ ಏರುಗಳು ಹಗುರವಾಗುತ್ತವೆ. ಯಾರ ನಿಮಿಷವೆಷ್ಟು ಎಂದು ಅವರವರೇ ಲೆಕ್ಕ ಹಾಕಿಕೊಳ್ಳಲಿ.

ಪ್ರಶ್ನೆ: ಹದಿಮೂರು ವರ್ಷದ ಮಗಳು ಸೈಕಲ್ ಸ್ಪರ್ಧೆಗಳಲ್ಲಿ ಮುಂದೆ ಬರಬೇಕೆನ್ನುತ್ತಾಳೆ. ಊರಿನ ಕ್ಲಬ್ಬಿಗೆ ಸೇರಿಸಲೇ?
— ಪಾಲಕರು, ಬಾಗಲಕೋಟೆ ಜಿಲ್ಲೆ

ಉತ್ತರ: ಹವ್ಯಾಸಿ ಹಿರಿಯರ ಕ್ಲಬ್ಬಿನಿಂದ ಆಕೆಗೆ ಗುಂಪಿನಲ್ಲಿ ಸಾಗುವ ಅಭ್ಯಾಸ ದೊರೆಯಬಹುದು, ತರಬೇತಿ ದೊರೆಯುವುದಿಲ್ಲ. ತಾವಿರುವ ಭಾಗ ಈ ವಿಷಯದಲ್ಲಿ ರಾಜ್ಯಕ್ಕೇ ಮುಂದು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ, ಬರುತ್ತಲೂ ಇದ್ದಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ಪರೀಕ್ಷೆಗಳು ನಡೆಯುತ್ತವೆ. ಜಿಲ್ಲಾ ಕಚೇರಿಯಲ್ಲಿ ದಿನಾಂಕ ವಿಚಾರಿಸಿ. ಸ್ಪರ್ಧೆಗಳು ವಯೋಮಿತಿಯಂತೆ ನಡೆಯುವುದರಿಂದ ಜನನ ಪ್ರಮಾಣಪತ್ರ ಸಿದ್ಧವಿರಲಿ. ದುಬಾರಿ ರೇಸಿಂಗ್ ಸೈಕಲ್ಲನ್ನು ಈಗಲೇ ಕೊಡಿಸಬೇಡಿ. ಬೆಳೆಯುವ ವಯಸ್ಸು, ಎರಡೇ ವರ್ಷದಲ್ಲಿ ಚೌಕಟ್ಟು ಚಿಕ್ಕದಾಗುತ್ತದೆ. ಅಳತೆಯನ್ನು ತರಬೇತುದಾರರೇ ಹೇಳಲಿ.