ಪ್ರತಿಕ್ರಿಯೆ: ಹಾಡಿಲ್ದೆ ತಾಳ ಹೇಗೆ ಕೂಡುತ್ತೆ ಅಂದ್ರೆ
ಕ್ಯಾಂಪಸ್ಸಲ್ಲಿ ಕೆಂಪು-ಬಿಳಿ ಪಟ್ಟಿ ಕೋಲು ಹಿಡ್ಕೊಂಡ ಹುಡುಗ್ರು ಹಾಡೇ ಇಲ್ದೆ ಒಂದೇ ತಾಳಕ್ಕೆ ಹೇಗೆ ಕುಣೀತಾರೆ, ನಾನೂ ಕಲೀಬಹುದಾ ಅಂತ ಕೇಳಿದ್ರಲ್ಲ, ಅವ್ರು ಬಹುಶಃ ಕಪ್ಪಾ ಆಲ್ಫಾ ಸೈನವ್ರು, 1911ರಲ್ಲಿ ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಲಿ ಕಪ್ಪು ವಿದ್ಯಾರ್ಥಿಗಳು ಶುರು ಮಾಡಿದ ಫ್ರಟರ್ನಿಟಿ, ಅಂದ್ರೆ ಅಣ್ಣತಮ್ಮಂದಿರ ಥರ ಇರೋ ಕಾಲೇಜು ಹುಡುಗ್ರ ಸಂಘ, ಕೋಲು ಅವ್ರ ಗುರುತು. ಅವ್ರ ಈ ಕುಣಿತಕ್ಕೆ ಸ್ಟೆಪಿಂಗ್ ಅಂತಾರೆ, ಅದಕ್ಕೆ ಹಾಡು ಬೇಕೇಬೇಕು ಅಂತಿಲ್ಲ, ಮೈಯೇ ವಾದ್ಯ. ಒಂದು ಕಾಲಲ್ಲಿ ನೆಲ ಗುದ್ದಿ, ಇನ್ನೊಂದು ಮಂಡಿ ಎತ್ತಿದ ತಕ್ಷಣ ತೊಡೆ ಕೆಳಗೆ ಚಪ್ಪಾಳೆ, ಆಮೇಲೆ ಎದೆಗೊಂದು ಏಟು, ಮಧ್ಯೆ ತಂಡ ನಡೆಸೋ ಸ್ಟೆಪ್ ಮಾಸ್ಟರ್ ಒಂದು ಸಾಲು ಕೂಗಿದ್ರೆ ಉಳಿದವ್ರೆಲ್ಲ ಒಕ್ಕೊರಲಲ್ಲಿ ಉತ್ತರ ಕೊಡ್ತಾರೆ, ಲಯ ಸಿಗೋದೇ ಅಲ್ಲಿ. ಸ್ಪರ್ಧೇಲಿ ಒಬ್ಬ ಅರ್ಧ ತಾಳ ತಪ್ಪಿದ್ರೂ ಗೊತ್ತಾಗಿಬಿಡುತ್ತೆ.

ಆದ್ರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಆ ಅಣ್ಣತಮ್ಮಂದಿರ ನಂಟು. ಫ್ರಟರ್ನಿಟಿಗೆ ಒಟ್ಟಿಗೆ ಸೇರಿದವ್ರು ಜೀವನಪೂರ್ತಿ ಲೈನ್ ಬ್ರದರ್ಸ್, ಅಂದ್ರೆ ಒಂದೇ ಸಾಲಿನ ಅಣ್ಣತಮ್ಮಂದಿರು. ಕಪ್ಪು ವಿದ್ಯಾರ್ಥಿಗಳು ತೀರಾ ಕಮ್ಮಿ ಇದ್ದ ಕಾರ್ನೆಲ್ ಯೂನಿವರ್ಸಿಟಿಲಿ 1906ರಲ್ಲಿ ಆಲ್ಫಾ ಫೈ ಆಲ್ಫಾ ಅನ್ನೋ ಇನ್ನೊಂದು ಫ್ರಟರ್ನಿಟಿ ಹುಟ್ಟಿದ್ದೇ ಒಬ್ರಿಗೊಬ್ರು ಆಸರೆ ಆಗೋಕೆ, ಮಾರ್ಟಿನ್ ಲೂಥರ್ ಕಿಂಗ್ ಕೂಡ ಅದರ ಸದಸ್ಯರಾಗಿದ್ರು.

ಖಂಡಿತ ಕಲೀರಿ, ಎಲ್ಲರನ್ನೂ ಸೇರಿಸ್ಕೊಳ್ಳೋ ಸ್ಟೆಪ್ ಟೀಮ್ ಇದ್ಯಾ ವಿಚಾರಿಸಿ. ಫ್ರಟರ್ನಿಟಿಯವ್ರ ಸಿಗ್ನೇಚರ್ ಸ್ಟೆಪ್ಪು, ಕೂಗು ಮಾತ್ರ ಕಾಪಿ ಮಾಡಿ ರೀಲ್ಸ್ ಹಾಕ್ಬೇಡಿ, ಮತ್ತೆ ಪಾರ್ಟಿಲಿ ಅವ್ರು ಸಾಲಾಗಿ ಸ್ಟ್ರೋಲ್ ಮಾಡ್ತಾ, ಅಂದ್ರೆ ಒಂದೇ ಲಯಕ್ಕೆ ಕುಣೀತಾ ನಡ್ಕೊಂಡು ಬಂದ್ರೆ ದಯವಿಟ್ಟು ಮಧ್ಯೆ ನುಗ್ಗಬೇಡಿ.