ಹಡಗು ಪಣಂಬೂರಲ್ಲಿ, ಓಟ ಬೇಕಲದಲ್ಲಾ?

ಮಂಗಳೂರಿನ ಪಣಂಬೂರು ಬಂದರಿನಲ್ಲಿ ನಿಮ್ಮ ಪ್ರವಾಸಿ ಹಡಗು 6 ಗಂಟೆ ಕಾಲ ನಿಲ್ಲುತ್ತದೆ, ಬೇಕಲಕ್ಕೆ ಬಂದು ಕಡಲ ಬದಿ ಓಡಬಹುದಾ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನವನು, ಬೇಕಲದ ಕೋಟೆ ಅಂದರೆ ನಮಗೆ ಹೆಮ್ಮೆಯೇ, ಆದರೂ ಬೇಡ. ಒಂದು ಕಡೆಗೇ 70 ಕಿ.ಮೀ. ಮೇಲಾಗುತ್ತದೆ, ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುವುದಿಲ್ಲ.

ಬಂದರಿನ ಪಕ್ಕದ ಪಣಂಬೂರು ಬೀಚಿನಿಂದ ತಣ್ಣೀರುಬಾವಿ ಕಡೆಗೆ, ಸಮುದ್ರ ಬಲಕ್ಕಿಟ್ಟುಕೊಂಡು ಓಡಿ. ಇಳಿತದ ಹೊತ್ತಾದರೆ ಅಲೆ ಆಗಷ್ಟೇ ಬಿಟ್ಟುಹೋದ ಹಸಿ ಹೊಯ್ಗೆ (ಮರಳು) ಸಿಗುತ್ತದೆ. ಅಲ್ಲಿ ಬೂಟಿನ ಅಚ್ಚಷ್ಟೇ ಬೀಳಬೇಕು. ಹಿಮ್ಮಡಿ ಹೂತರೆ ತೀರಾ ಮೇಲೆ ಬಂದಿದ್ದೀರಿ ಅಂತ ಲೆಕ್ಕ. ದಂಡೆ ಕಡಲಿಗೆ ವಾಲಿರುವುದರಿಂದ ಹೋಗುವಾಗ ಬಲಗಾಲು ತಗ್ಗಿನಲ್ಲಿ, ಬರುವಾಗ ಎಡಗಾಲು. ಹಾಗಾಗಿ ಅದೇ ದಾರಿಯಲ್ಲಿ ವಾಪಸಾಗಿ, ಮಂಡಿಗೆ ಒಳ್ಳೆಯದು. ಬೆಳಿಗ್ಗೆ 9ರೊಳಗೆ ಮುಗಿಸಿ, ಆಮೇಲಿನ ಸೆಕೆ ಇಲ್ಲಿ ಹುಟ್ಟಿದ ನಮಗೇ ತಡೆಯದು. ಹಡಗಿನ ಕಾರ್ಡು, ಗುರುತಿನ ಚೀಟಿ ಜೇಬಿನಲ್ಲಿರಲಿ.